ಮೊದಲ ಎಲೆ ಅಡುಗೆ ಭಟ್ಟರಿಗೆ

ಸುಬ್ಬಣ್ಣ ಭಟ್ಟರು ತಾವು ಮಾಡಿದ ಸಾರನ್ನು ಬಿಸಿಯಾಗಿ ಉಂಡು ಮೂವತ್ತು ವರ್ಷದ ಮೇಲಾಗಿತ್ತು.

ಹೊಸನಗರದ ಹತ್ತಿರದ ಹಳ್ಳಿಯವರು. ಮದುವೆ, ಉಪನಯನ, ಗೃಹಪ್ರವೇಶ ಅಂತ ಸಾಗರ, ತೀರ್ಥಹಳ್ಳಿಗಳ ಮೂಲೆ ಮೂಲೆಗೆ ಕೊಪ್ಪರಿಗೆ, ಬಾಣಲೆ ಹೇರಿಕೊಂಡು ಹೋಗುವುದು ಅವರ ಬದುಕು. ಮೂರು ತಾಲೂಕಿನ ಅರ್ಧ ಜನ ಅವರ ಕೈಯ ಜಿಲೇಬಿ ತಿಂದಿದ್ದರು. ಉಳಿದರ್ಧ ಜನ ಸಕ್ಕರೆ ಕಾಯಿಲೆ ಅಂತ ಹೇಳಿ ಎರಡೆರಡೇ ತಿಂದಿದ್ದರು. ಆದರೆ ಭಟ್ಟರು ಮಾತ್ರ ಬಡಕಲು. ಹೊಸಬರು ಅವರನ್ನು ನೋಡಿದರೆ, ಈ ಮನುಷ್ಯನಿಗೇ ಒಗ್ಗದ ಅಡುಗೆ ನಮಗೆ ಹೇಗೆ ಒಗ್ಗೀತು ಎಂದು ಒಂದು ಕ್ಷಣ ಯೋಚಿಸುವಂತಿತ್ತು ಆ ಮೈಕಟ್ಟು.

ಕಾರಣ ಒಂದು ನಿಯಮ. ಅಡುಗೆ ಕಲಿಸಿದ ಸೋದರಮಾವ, ಮೊದಲ ಸಲ ಸಟ್ಟುಗ ಕೈಗೆ ಕೊಡುವಾಗ ಹೇಳಿದ್ದರು: "ಹೊಟ್ಟೆ ತುಂಬಿದವನ ಮೂಗಿಗೆ ಉಪ್ಪು ಗೊತ್ತಾಗ್ತಿಲ್ಲೆ. ಕಡೇ ಹಂತಿ ಏಳುವವರೆಗೆ ಅಡುಗೆಯವನ ಬಾಯಿ ಆಡಲಾಗ." ಅಂದಿನಿಂದ ಭಟ್ಟರು ರುಚಿ ನೋಡಿದವರಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಮೂಗಿನಲ್ಲೇ ಉಪ್ಪು, ಹುಳಿ, ಖಾರ ಅಳೆಯುತ್ತಿದ್ದರು. ಕೊನೆಯ ಪಂಕ್ತಿಯವರು ಉಂಡು, ತೇಗಿ, ಎಲೆ-ಅಡಿಕೆಯ ಕವಳ ಹಾಕಿ, ಅಡುಗೆ ಹೇಗಿತ್ತು ಅಂತ ಚರ್ಚೆ ಮುಗಿಸಿ ಏಳುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಬೆಳಗಿನಿಂದ ಹೊಗೆ ಕುಡಿದು ಒಗ್ಗರಣೆಯ ಘಾಟು ಉಂಡ ಹೊಟ್ಟೆಗೆ ಅಷ್ಟರಲ್ಲಿ ಅನ್ನ ಕಂಡರೆ ಆಗುತ್ತಿರಲಿಲ್ಲ. ಒಂದು ಲೋಟ ಮಜ್ಜಿಗೆ, ಒಂದು ಕವಳ, ನಿದ್ದೆ. ಮರುದಿನ ಇನ್ನೊಂದು ಮನೆಯ ಒಲೆ.

"ಊರಿಗೆಲ್ಲ ಉಣಿಸಿ ನೀವು ಉಪಾಸ. ದೇವ್ರು ನೋಡಿದ್ರೆ ಅವಂಗೇ ನಾಚಿಕೆ ಆಗ್ತು," ಅನ್ನುತ್ತಿದ್ದರು ಹೆಂಡತಿ ವನಮಾಲಾ.

"ದೇವ್ರಿಗೂ ನೈವೇದ್ಯ ಮೊದಲೇ ಆಗಿರ್ತು. ಅವ ಎಂತಕ್ಕೆ ನಾಚಿಕೆ ಮಾಡ್ಕತ್ತ?" ಅನ್ನುತ್ತಿದ್ದರು ಭಟ್ಟರು.

ಆ ವರ್ಷ ನವರಾತ್ರಿಗೆ ಘಟ್ಟದ ಕೆಳಗಿನ ಒಂದು ದೇವಸ್ಥಾನದಿಂದ ಕರೆ ಬಂತು. ಒಂಬತ್ತು ದಿನದ ಸಂತರ್ಪಣೆ. ಅಡುಗೆಯವರಿಗೆ ಮಲಗಲು ಕೊಟ್ಟದ್ದು ಇನ್ನೂ ಕಟ್ಟಿ ಮುಗಿಯದ ಸಭಾಭವನದ ಮಹಡಿ. ಸಿಮೆಂಟು ಗಟ್ಟಿಯಾಗಲಿ ಅಂತ ಮೇಲೆ ನೀರು ನಿಲ್ಲಿಸಿದ್ದರು. ಸಿಮೆಂಟಿನ ಜೊತೆಗೆ ಸೊಳ್ಳೆಗಳೂ ಗಟ್ಟಿಯಾದವು. ಭಟ್ಟರ ಹಳೆಯ ಸಹಾಯಕ ಮಂಜಯ್ಯ ತಲೆಯಿಂದ ಕಾಲಿನವರೆಗೆ ಪಂಚೆ ಸುತ್ತಿ ಹೆಣದ ಹಾಗೆ ಮಲಗಿದ. ಭಟ್ಟರು ಸೆಖೆ ಅಂತ ಮೈ ಬಿಟ್ಟು ಮಲಗಿದರು. ಒಂಬತ್ತು ದಿನ ಭಕ್ತರು ಉಂಡರು, ಒಂಬತ್ತು ರಾತ್ರಿ ಸೊಳ್ಳೆಗಳು ಉಂಡವು. ಅಡುಗೆಯವರಿದ್ದ ಕಡೆ ಯಾರೂ ಹಸಿದು ಹೋಗಬಾರದು ತಾನೆ.

ಊರಿಗೆ ಬಂದು ಎರಡು ವಾರಕ್ಕೆ ಜ್ವರ ಹಿಡಿಯಿತು. ನಮ್ಮ ಕಡೆ ಯಾರಿಗಾದರೂ ಜ್ವರ ಅಂದರೆ ಎಷ್ಟು ಡಿಗ್ರಿ ಅಂತ ಕೇಳುವವರು ಕಡಿಮೆ. ಹತ್ತಿರದ ಕಾಡಿನಲ್ಲಿ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಕೇಳುವವರೇ ಎಲ್ಲ. ಮಂಗನ ಕಾಯಿಲೆಯ ಹೆದರಿಕೆ ನಮ್ಮ ಮೂಳೆಗೇ ಇಳಿದಿದೆ. ಅಕ್ಕಪಕ್ಕದವರು ಬೆಟ್ಟದಲ್ಲಿ ಒಂದು ಸುತ್ತು ಹುಡುಕಿಯೂ ಬಂದರು. ಮಂಗಗಳೆಲ್ಲ ಬಲು ಆರೋಗ್ಯವಾಗಿ, ಹುಡುಕಲು ಹೋದವರ ಬಾಳೆಗೊನೆಯ ಮೇಲೆಯೇ ಕೂತಿದ್ದವು.

ಭಟ್ಟರ ಜ್ವರಕ್ಕೆ ಒಂದು ಶಿಸ್ತಿತ್ತು. ದಿನ ಬಿಟ್ಟು ದಿನ ಮಧ್ಯಾಹ್ನಕ್ಕೆ ಸರಿಯಾಗಿ ಬರುತ್ತಿತ್ತು. ಮೊದಲು ಚಳಿ, ಮೂರು ಕಂಬಳಿ ಹೊದೆಸಿದರೂ ಮಂಚದ ಕಾಲು ಕಟಕಟ ಅನ್ನುವಂಥ ನಡುಕ, ಆಮೇಲೆ ಹೆಂಚು ಕಾದ ಹಾಗೆ ಮೈ, ಆಮೇಲೆ ಬೆವರು. ಮರುದಿನ ಏನೂ ಆಗದವರ ಹಾಗೆ ಎದ್ದು ಕಾಫಿ ಕೇಳುತ್ತಿದ್ದರು.

ಸುದ್ದಿ ಕೇಳಿ ಓಡಿ ಬಂದವನು ಹೆಲ್ತ್ ಇನ್ಸ್‌ಪೆಕ್ಟರ್ ಯೋಗರಾಜ್. ಒಂದು ಕಾಲದಲ್ಲಿ ಮಲೆನಾಡಿನ ಊರಿಗೆ ಊರನ್ನೇ ಖಾಲಿ ಮಾಡಿಸಿದ ಮಲೇರಿಯಾ ಈಗ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸರ್ವಿಸಿನುದ್ದಕ್ಕೂ ಜನರ ಬೆರಳು ಚುಚ್ಚಿ ಚುಚ್ಚಿ 'ಇಲ್ಲ, ಇಲ್ಲ' ಅಂತಲೇ ಬರೆದು ಬೇಸತ್ತಿದ್ದ ಯೋಗರಾಜ್, ಭಟ್ಟರ ರಕ್ತದಲ್ಲಿ ಮಲೇರಿಯಾ ಇದೆ ಅಂತ ಲ್ಯಾಬಿನವರು ಹೇಳಿದಾಗ, ಕಾಯಿಲೆಯವರ ಮನೆ ಅನ್ನುವುದನ್ನೂ ಮರೆತು ಭಟ್ಟರ ಕೈ ಕುಲುಕಿದ.

ಆಸ್ಪತ್ರೆಯಲ್ಲಿ ಡಾಕ್ಟರ್ ವಂದನಾ ಇನ್ನೂ ಒಂದು ರಕ್ತ ಪರೀಕ್ಷೆ ಮಾಡಿಸಿ, ಎರಡು ಬಗೆಯ ಮಾತ್ರೆ ಮುಂದಿಟ್ಟರು.

"ನೋಡಿ ಭಟ್ರೇ. ಈ ರೋಗದ ಒಂದು ಗುಂಪು ರಕ್ತದಲ್ಲಿ ಓಡಾಡ್ತದೆ. ಜ್ವರ ಬರಿಸೋದು ಅದು. ಅದಕ್ಕೆ ಕ್ಲೋರೋಕ್ವಿನ್, ಮೂರು ದಿನ. ಇನ್ನೊಂದು ಗುಂಪು ಲಿವರಿನಲ್ಲಿ ಮುಸುಕು ಹಾಕಿ ಮಲಗಿರ್ತದೆ. ಅದನ್ನ ಹಾಗೇ ಬಿಟ್ರೆ ಒಂದು ದಿನ ಎದ್ದು ಬಂದು ಮತ್ತೆ ಜ್ವರ ಬರಿಸ್ತದೆ. ಅದಕ್ಕೆ ಪ್ರಿಮಾಕ್ವಿನ್, ದಿನಕ್ಕೊಂದು, ಹದಿನಾಲ್ಕು ದಿನ. ಜ್ವರ ಬಿಟ್ಟಿತು ಅಂತ ನಿಲ್ಲಿಸೋ ಹಾಗಿಲ್ಲ. ಮತ್ತೆ, ಖಾಲಿ ಹೊಟ್ಟೆಗೆ ಬೇಡ. ಹೊಟ್ಟೆ ಹಿಂಡ್ತದೆ."

ಭಟ್ಟರು ಎಲ್ಲದಕ್ಕೂ ತಲೆಯಾಡಿಸಿದರು. ಹೊಟ್ಟೆ ಖಾಲಿ ಇಡುವುದೇ ತಮ್ಮ ಕಸುಬು ಅಂತ ಹೇಳುವುದಕ್ಕೆ ಅವರಿಗೆ ಸಂಕೋಚ.

ಮೂರು ದಿನಕ್ಕೆ ಜ್ವರ ಬಿಟ್ಟಿತು. ನಾಲ್ಕನೆಯ ದಿನವೇ ಒಂದು ಉಪನಯನದ ಅಡುಗೆ, ಅದರ ಬೆನ್ನಿಗೆ ಇನ್ನೆರಡು. ಸಂಜೆ ಮಜ್ಜಿಗೆಯ ಜೊತೆ ಪ್ರಿಮಾಕ್ವಿನ್ ನುಂಗಿದರು. ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹೊಟ್ಟೆ ಹಿಂಡಿತು. ಮರುದಿನವೂ ಹಿಂಡಿತು, ಅದರ ಮರುದಿನವೂ. ಈ ಮಾತ್ರೆ ಉಷ್ಣ ಅಂತ ಭಟ್ಟರು ತೀರ್ಮಾನ ಕೊಟ್ಟರು. ಜ್ವರವೇ ಇಲ್ಲದ ಮೇಲೆ ಜ್ವರದ ಮಾತ್ರೆ ಯಾಕೆ? ಒಗ್ಗರಣೆ ಹಾಕಿ ಇಳಿಸಿದ ಹುಳಿಗೆ ಮತ್ತೆ ಬೆಂಕಿ ಯಾಕೆ?

ಆದರೆ ಅಡುಗೆಯವರ ಕೈ. ಉಳಿದದ್ದನ್ನು ಬಿಸಾಡಿ ಗೊತ್ತಿಲ್ಲ. ನಿನ್ನೆಯ ಅನ್ನ ಚಿತ್ರಾನ್ನವಾಗಬೇಕು, ಉಳಿದ ಹೋಳು ಗೊಜ್ಜಾಗಬೇಕು. ಉಳಿದ ಮಾತ್ರೆಗೆ ಏನು ದಾರಿ ಅಂತ ಯೋಚಿಸುತ್ತಿದ್ದಾಗ, ಮಂಜಯ್ಯ ಘಟ್ಟದ ಕೆಳಗಿನ ಮಗಳ ಮನೆಗೆ ಹೊರಟು ನಿಂತಿದ್ದ.

"ತಗ. ಅಲ್ಲಿ ಸೊಳ್ಳೆ ಜಾಸ್ತಿ. ಜ್ವರ ಬರೋಕ್ಕಿಂತ ಮುಂಚೆನೇ ತಿಂದಿರು," ಎಂದು ಭಟ್ಟರು ಮಾತ್ರೆಯ ಪಟ್ಟಿಯನ್ನು ಅವನ ಜೇಬಿಗೆ ಹಾಕಿದರು. ಮಂಜಯ್ಯ ಅದನ್ನು ಪ್ರಸಾದದ ಹಾಗೆ ಸ್ವೀಕರಿಸಿದ. ತಿಂದು ಮುಗಿಸಿ, ಖಾಲಿ ಪಟ್ಟಿಯನ್ನು ಪಾತ್ರೆ ವಾಪಸು ಕೊಡುವ ನಿಯತ್ತಿನಿಂದ ತಂದು ಹಿಂದಿರುಗಿಸಿದ. ಭಟ್ಟರು ಅದನ್ನು ಯೋಗರಾಜನಿಗೆ ತೋರಿಸಿದರು. ಯೋಗರಾಜ್ ಸಂತೋಷದಿಂದ ಕೋರ್ಸ್ ಮುಗಿದಿದೆ ಅಂತ ಬರೆದುಕೊಂಡ. ಎಲ್ಲರಿಗೂ ಒಳ್ಳೆಯದಾಗಿತ್ತು, ಲಿವರಿನಲ್ಲಿ ಮಲಗಿದ್ದವರಿಗೂ.

ಅವರು ಎದ್ದದ್ದು ಸಂಕ್ರಾಂತಿ ಕಳೆದ ಮೇಲೆ, ಸಾಗರದ ಒಂದು ಗೃಹಪ್ರವೇಶದಲ್ಲಿ, ಭಟ್ಟರು ಬಾಣಲೆಯ ಮುಂದೆ ಕೂತು ಜಿಲೇಬಿ ಬಿಡುತ್ತಿದ್ದಾಗ.

ಬೆನ್ನಹುರಿಯಲ್ಲಿ ತಣ್ಣಗೆ ಏನೋ ಹರಿಯಿತು. ಕುದಿಯುವ ಎಣ್ಣೆಯ ಮುಂದೆ ಕೂತ ಮನುಷ್ಯ ಗಡಗಡ ನಡುಗತೊಡಗಿದರು. ಹಿಟ್ಟಿನ ಬಟ್ಟೆ ಹಿಡಿದ ಕೈ ತನ್ನ ಪಾಡಿಗೆ ತಾನು ಕುಣಿಯಿತು. ಆ ದಿನದ ಜಿಲೇಬಿಗಳಲ್ಲಿ ಒಂದು ಜಿಲೇಬಿ ಇನ್ನೊಂದರ ಸಂಬಂಧಿ ಅಂತ ಹೇಳುವ ಹಾಗಿರಲಿಲ್ಲ. ಒಂದು ಆಗುಂಬೆ ಘಾಟಿಯ ರಸ್ತೆಯ ಹಾಗಿದ್ದರೆ, ಇನ್ನೊಂದು ಹೊನ್ನೆಮರಡಿನ ಹಿನ್ನೀರಿನ ಹಾಗೆ, ನಡುವೆ ದ್ವೀಪ ಸಮೇತ ಬಂದಿತ್ತು. ಮನೆಯ ಮಕ್ಕಳು ಹೊಸ ಡಿಸೈನು ಅಂತ ಆರಿಸಿ ಆರಿಸಿ ತಿಂದವು. ದೊಡ್ಡವರು ಮಾತ್ರ ತಿನ್ನುತ್ತ ಒಬ್ಬರ ಮುಖ ಒಬ್ಬರು ನೋಡಿದರು.

ಅಡುಗೆಯವರ ಕೈ ನಡುಗಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಎಲೆ ತೆಗೆಯುವ ಮೊದಲೇ ಅಂಗಳದಲ್ಲಿ ಮಾತು ಹುಟ್ಟಿತು.

"ಭಟ್ರು ಶುರು ಮಾಡಿದಾರೆ ಅಂತ ಕಾಣ್ತದೆ."

"ಹೇಯ್, ಅವ್ರು ಅಂಥವರಲ್ಲ ಮಾರಾಯ."

"ಅಂಥವರಲ್ಲದವರೇ ತಡವಾಗಿ ಶುರು ಮಾಡೋದು. ಆಮೇಲೆ ನಿಲ್ಸೋದಿಲ್ಲ."

ವಾರದೊಳಗೆ ಸಾಗರದ ಎರಡು ಮನೆಯವರು ಫೋನ್ ಮಾಡಿ, ಮನೆಯಲ್ಲಿ ಸಣ್ಣದಾಗಿ ಮಾಡಿಕೊಳ್ಳುತ್ತೇವೆ ಭಟ್ರೇ, ಅಂದರು. ಆ ಸಣ್ಣದಕ್ಕೆ ಬೇರೆ ಅಡುಗೆಯವರನ್ನು ಕರೆದದ್ದು ಭಟ್ಟರಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಣ್ಣಪುಟ್ಟ ಅಡುಗೆಗಳನ್ನು ಬಿಟ್ಟರೆ ಉಳಿದ ದೊಡ್ಡದು ಕೋಣಂದೂರಿನ ಹತ್ತಿರದ ಮುಕುಂದಯ್ಯನವರ ಮನೆಯ ಮದುವೆ, ಅವರ ಮಗಳು ಧನ್ಯಶ್ರೀಯದು. ಮುಕುಂದಯ್ಯನವರ ಫೋನೂ ಬಂತು. ಬೇಡ ಅನ್ನಲಿಲ್ಲ. "ಭಟ್ರೇ, ಕೈ ಹೇಗಿದೆ?" ಅಂದರು ಅಷ್ಟೇ. ಆರೋಗ್ಯ ಹೇಗಿದೆ ಅಂತ ಅಲ್ಲ. ಭಟ್ಟರಿಗೆ ಆ ಒಂದು ಮಾತು ಜ್ವರಕ್ಕಿಂತ ಹೆಚ್ಚು ಸುಟ್ಟಿತು.

"ಮಲೇರಿಯಾ ಅಂತ ಹೇಳಿಬಿಡಿ. ಕುಡುಕ ಅನ್ನಿಸಿಕೊಳ್ಳೋದಕ್ಕಿಂತ ಚೊಲೊ ಅಲ್ದಾ?" ಅಂದರು ವನಮಾಲಾ.

"ನಿಂಗೆ ಗೊತ್ತಿಲ್ಲೆ. ಕುಡಿತ ಅಂದ್ರೆ ಅರ್ಧ ಊರಾದ್ರೂ ಕ್ಷಮಿಸ್ತು. ಕಾಯಿಲೆಯವ ಅಂದ್ರೆ ಅವನ ಕೈ ಅಡುಗೆ ಯಾರೂ ಉಣ್ತ್ವಿಲ್ಲೆ," ಅಂದರು ಭಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರ್ ವಂದನಾ ತಲೆ ಮೇಲೆ ಕೈ ಇಟ್ಟುಕೊಂಡಿದ್ದರು. ಮಾತ್ರೆ ಪೂರಾ ನುಂಗಿದ ಮೇಲೂ ಜ್ವರ ಬಂದಿದೆ ಅಂದರೆ ಔಷಧಿಗೇ ಬಗ್ಗದ ಜಾತಿಯೋ ಏನೋ, ಶಿವಮೊಗ್ಗಕ್ಕೆ ಕಳಿಸಬೇಕೋ ಏನೋ ಅಂತ ಯೋಗರಾಜನ ಜೊತೆ ಮಾತಾಡುತ್ತಿದ್ದರು. ಭಟ್ಟರನ್ನು ಕರೆತಂದ ಮಂಜಯ್ಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ.

"ಔಷಧಿ ಒಳ್ಳೇದೇ ಮೇಡಂ. ನಂಗೆ ಜ್ವರವೇ ಬರಲಿಲ್ಲ."

"ನಿಮಗೆ ಯಾಕೆ ಬರಬೇಕಿತ್ತು?"

"ಬರಬಾರದು ಅಂತಲೇ ತಿಂದಿದ್ದು. ಭಟ್ರು ಕೊಟ್ಟಿದ್ರು. ಕವಳದ ಜೊತೆ ದಿನಾ ಒಂದು ತಿಂದೆ. ಸ್ವಲ್ಪ ಕಹಿ."

ಯೋಗರಾಜ್, ಕೋರ್ಸ್ ಮುಗಿದಿದೆ ಅಂತ ಬರೆದುಕೊಂಡವನು, ಗೋಡೆಯ ಮೇಲಿನ ಸೊಳ್ಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. ಭಟ್ಟರು ತಮ್ಮ ಪಾದ ನೋಡಿಕೊಂಡರು.

ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಭಟ್ರೇ, ಇದು ಉಳಿದ ಹೋಳಿಗೆ ಅಲ್ಲ ಹಂಚೋದಕ್ಕೆ. ಕೆಲವರ ರಕ್ತದಲ್ಲಿ ಒಂದು ಅಂಶ ಕಮ್ಮಿ ಇರ್ತದೆ. ಅಂಥವರು ಇದನ್ನ ನುಂಗಿದ್ರೆ ರಕ್ತವೇ ಒಡೆದು ಹೋಗ್ತದೆ. ಅದನ್ನ ನೋಡೋದಕ್ಕೇ ಆವತ್ತು ನಿಮಗೆ ಇನ್ನೊಂದು ಪರೀಕ್ಷೆ ಮಾಡ್ಸಿದ್ದು. ಬಸುರಿಯರು ಇದನ್ನ ಮುಟ್ಟೋ ಹಾಗಿಲ್ಲ. ಮಂಜಯ್ಯನವರ ಪುಣ್ಯ, ಏನೂ ಆಗಲಿಲ್ಲ."

"ಮತ್ತೆ ಬರೋಕ್ಕಿಂತ ಮುಂಚೆ ತಿನ್ನೋ ಮಾತ್ರೆ ಇಲ್ವಾ ಮೇಡಂ?" ಮಂಜಯ್ಯ ಬಿಡುವವನಲ್ಲ.

"ಇದೆ, ಅದು ಬೇರೆ. ಮಲೇರಿಯಾ ಜೋರಾಗಿರೋ ಕಡೆ ಕೆಲಸಕ್ಕೆ ಹೋಗೋರಿಗೆ ನಾವೇ ನೋಡಿ ಕೊಡ್ತೀವಿ. ಹೋಗೋ ಮುಂಚೆ ಶುರು ಮಾಡಿ, ಬಂದ ಮೇಲೂ ನಾಲ್ಕು ವಾರ ತಗೋಬೇಕು. ನಿಮ್ಮ ಮಗಳ ಮನೆಗೆ ಸೊಳ್ಳೆ ಪರದೆ ಸಾಕು." ಆಮೇಲೆ ಭಟ್ಟರ ಕಡೆ ತಿರುಗಿದರು. "ಈ ಸಲ ಪೂರಾ ಹದಿನಾಲ್ಕು ಯೋಗರಾಜ್ ಕಣ್ಣೆದುರಿಗೇ ನುಂಗಬೇಕು. ಹೊಟ್ಟೆಗೆ ಏನಾದ್ರೂ ಬಿದ್ದ ಮೇಲೆ. ಈಗ ತಪ್ಪಿಸಿದ್ರೆ ವೈಶಾಖದ ಮದುವೆಗಳ ನಡುವೆ ಮತ್ತೆ ನಡುಕ ಬರ್ತದೆ. ಜೊತೆಗೆ ಇನ್ನೊಂದು. ಜ್ವರ ಇರೋವಾಗ ನಿಮ್ಮನ್ನ ಕಚ್ಚಿದ ಸೊಳ್ಳೆ ಆಮೇಲೆ ಮದುವೆಮನೆಯವರನ್ನೂ ಕಚ್ಚಬಹುದು."

ಬಂದವರಿಗೆ ಜಿಲೇಬಿಯ ಜೊತೆ ಜ್ವರವನ್ನೂ ಬಡಿಸುವುದು. ಆ ಮಾತು ಭಟ್ಟರ ಎದೆಗೆ ನಾಟಿತು.

ಹೀಗೆ ಶುರುವಾಯಿತು ಯೋಗರಾಜನ ದಿಗ್ವಿಜಯ. ಭಟ್ಟರು ಎಲ್ಲಿ ಒಲೆ ಹೂಡುತ್ತಾರೋ ಅಲ್ಲಿಗೆ ಮಧ್ಯಾಹ್ನಕ್ಕೆ ಅವನ ಸ್ಕೂಟರ್. ಮೊದಲು ಮನೆಯ ಸುತ್ತಲ ಡ್ರಮ್ಮು, ತೊಟ್ಟಿ, ಒಡೆದ ಕೊಡಪಾನಗಳನ್ನೆಲ್ಲ ಬಗ್ಗಿ ನೋಡಿ ಸೊಳ್ಳೆಮರಿ ಕಂಡರೆ ನೀರು ಚೆಲ್ಲಿಸುತ್ತಿದ್ದ. ಆಮೇಲೆ ಸೌದೆ ರಾಶಿಯ ಹಿಂದಕ್ಕೆ ಬರುತ್ತಿದ್ದ. ಅಲ್ಲಿ ಭಟ್ಟರು ಕುಕ್ಕರಗಾಲಿನಲ್ಲಿ ಕೂತು, ವನಮಾಲಾ ಕಟ್ಟಿಕೊಟ್ಟ ಡಬ್ಬಿಯಿಂದ ಮೊಸರವಲಕ್ಕಿ ತಿನ್ನುತ್ತಿರುತ್ತಿದ್ದರು. ಮನೆಯಿಂದ ತಂದದ್ದು, ಈ ಒಲೆಯದಲ್ಲ. ಆದ್ದರಿಂದ ಮಾವನ ಮಾತು ಪೂರ್ತಿ ಮುರಿದ ಹಾಗಾಗಲಿಲ್ಲ ಎಂದು ಭಟ್ಟರು ತಮಗೆ ತಾವೇ ವಕೀಲರಾಗಿದ್ದರು. ಆದರೆ ಯಾರೂ ನೋಡಬಾರದು. ಅತಿಥಿ ಉಣ್ಣುವ ಮೊದಲು ಕದ್ದು ತಿನ್ನುವ ಅಡುಗೆಯವ ಅನ್ನಿಸಿಕೊಳ್ಳುವುದಕ್ಕಿಂತ ಕುಡುಕನೇ ಮೇಲು.

ಹೊಟ್ಟೆಗೆ ಬಿದ್ದ ಮೇಲೆ ಮಾತ್ರೆ ಹಿಂಡಲಿಲ್ಲ. ಭಟ್ಟರು ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಿದ್ದರು. ಯೋಗರಾಜ್ ಇಣುಕಿ ನೋಡಿ, ನೇರ ಹೋಗಿ ಮೊದಲ ಹಂತಿಯಲ್ಲಿ ಕೂರುತ್ತಿದ್ದ. ಕರ್ತವ್ಯದ ಮೇಲೆ ಬಂದವನನ್ನು ಊಟ ಮಾಡದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಎಂಟನೆಯ ದಿನಕ್ಕೆ ಭಟ್ಟರ ಕೆನ್ನೆಗೆ ಕಳೆ ಬಂತು. ಯೋಗರಾಜನ ಬೆಲ್ಟು ಕಡೆಯ ತೂತಿಗೆ ಬಂತು.

ಕೋಣಂದೂರಿನ ಮದುವೆ ಹದಿಮೂರನೆಯ ದಿನಕ್ಕೆ ಬಿತ್ತು.

ಮುಕುಂದಯ್ಯನವರ ಅಂಗಳದ ತುಂಬ ಚಪ್ಪರ. ಭಟ್ಟರ ಕೈ ಆ ದಿನ ಬಂಡೆಯ ಹಾಗೆ ನಿಂತಿತ್ತು. ಸುತ್ತು ಸುತ್ತಿಗೆ ತೂಕ ಹಾಕಿದಂತೆ ಜಿಲೇಬಿ ಎದ್ದಿತ್ತು. ಧಾರೆಯಾಗಿ, ದೇವರ ಎಡೆಗೆ ನೈವೇದ್ಯವೂ ಆಯಿತು. ಇನ್ನೇನು ಹಂತಿ ಹಾಕಬೇಕು. ಭಟ್ಟರು ಬೆವರೊರೆಸಿಕೊಂಡು ಸೌದೆ ರಾಶಿಯ ಹಿಂದೆ ಹೋದರು.

ಡಬ್ಬಿ ಇರಲಿಲ್ಲ. ತಲೆಯೆತ್ತಿ ನೋಡಿದರೆ, ಹಲಸಿನ ಮರದ ಕವಲಿನಲ್ಲಿ ಒಂದು ಮಂಗ ಕೂತು, ಮುಚ್ಚಳ ಪಕ್ಕಕ್ಕಿಟ್ಟು, ಮೊಸರವಲಕ್ಕಿಯನ್ನು ಬಹಳ ಮರ್ಯಾದೆಯಿಂದ ಉಣ್ಣುತ್ತಿತ್ತು. ಕಾಯಿಲೆಯ ಮೊದಲ ದಿನ ಊರವರು ಹುಡುಕಿದ ಮಂಗ ಕಡೆಗೂ ಸಿಕ್ಕಿತ್ತು.

ಯೋಗರಾಜ್ ಒಂದು ಕೈಯಲ್ಲಿ ಮಾತ್ರೆ, ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು ಬಂದ.

"ಇವತ್ತು ಬಿಡು ಮಾರಾಯ. ನಾಳೆ ಎರಡು ತಗೊಳ್ತೀನಿ."

"ಎರಡು ದೋಸೆ ಅಲ್ಲ ಭಟ್ರೇ. ಹನ್ನೆರಡು ದಿನ ಬಂದಿದೀರಿ. ಒಳಗೆ ಹೋಗಿ ಒಂದು ತುತ್ತು ಉಂಡು ಬನ್ನಿ."

"ಬೀಗರು ಕೂರೋ ಮೊದಲು ನಾನು ಉಣ್ಣೋದಾ? ನನ್ನ ಕೈಲಿ ಆಗೋದಿಲ್ಲ."

"ನಾನು ಬಿಡೋದೂ ಇಲ್ಲ."

"ಮೆತ್ತಗೆ ಮಾತಾಡು. ಯಾರಾದ್ರೂ ನೋಡ್ತಾರೆ."

ನೋಡಿಯೇ ಬಿಟ್ಟಿದ್ದರು. ಬೀಗರ ಕಡೆಯ ಒಬ್ಬರು, ಕೈ ತೊಳೆಯಲು ಆ ಕಡೆ ಬಂದವರು, ಸೌದೆಯ ಸಂದಿಯಲ್ಲಿ ಲೋಟವನ್ನೂ, ಗುಟ್ಟಿನ ಮಾತನ್ನೂ, ಅಡುಗೆ ಭಟ್ಟರನ್ನೂ ಒಟ್ಟಿಗೆ ಕಂಡರು. ಸಾಗರದ ಸುದ್ದಿ ಅವರಿಗೂ ತಲುಪಿತ್ತು. ಲೆಕ್ಕ ಸರಿಹೊಂದಿತು. ಎರಡು ನಿಮಿಷದಲ್ಲಿ ಮುಕುಂದಯ್ಯನವರ ಕಿವಿಗೆ ಬಿತ್ತು: "ನಿಮ್ಮ ಅಡುಗೆಯವರು ಸೌದೆ ಹಿಂದೆ ಹಾಕ್ತಾ ಇದಾರೆ."

ಮುಕುಂದಯ್ಯ ಬಂದರು. ಅವರ ಹಿಂದೆ ಬೀಗರ ಕಡೆಯ ನಾಲ್ಕು ಜನ, ಅವರ ಹಿಂದೆ ಊರಿನ ಹತ್ತು ಜನ. ಎಲ್ಲರ ಹಿಂದೆ ಊರುಗೋಲು ಊರುತ್ತ ಮುಕುಂದಯ್ಯನವರ ತಾಯಿ ಶೇಷಮ್ಮ. ಎಂಬತ್ತೈದು ದಾಟಿದ ಹೆಂಗಸು. ಮದುವೆಯ ದಿನ ನಡೆಯುವ ಯಾವ ಜಗಳವನ್ನೂ ತಪ್ಪಿಸಿಕೊಂಡವರಲ್ಲ.

"ಭಟ್ರೇ, ಲೋಟದಲ್ಲಿ ಎಂತದು?" ಅಂದರು ಮುಕುಂದಯ್ಯ. ದನಿ ಎತ್ತರಿಸಲಿಲ್ಲ. ಮಗಳ ಮದುವೆ.

ಭಟ್ಟರು ಲೋಟ ನೋಡಿದರು, ಸೇರಿದ ಜನರನ್ನು ನೋಡಿದರು. ಈಗ ಸುಮ್ಮನಿದ್ದರೆ ಕುಡುಕ. ಬಾಯಿ ಬಿಟ್ಟರೆ ಕಾಯಿಲೆಯವ. ಎರಡರಲ್ಲಿ ಯಾವುದಾದರೂ ನಾಳೆಯಿಂದ ಸಟ್ಟುಗ ಗೂಟಕ್ಕೆ. ಕಡೆಗೆ ನಿಜವನ್ನೇ ಆರಿಸಿದರು, ಅದು ಚಿಕ್ಕದಾಗಿತ್ತು ಅಂತ.

"ನೀರು. ನಂಗೆ ಮಲೇರಿಯಾ ಆಗಿತ್ತು ಮುಕುಂದಯ್ಯನವ್ರೇ. ಸಾಗರದಲ್ಲಿ ಕೈ ನಡುಗಿದ್ದು ಅದಕ್ಕೆ. ಈಗ ಜ್ವರ ಇಲ್ಲ. ಮಾತ್ರೆ ಇನ್ನೆರಡು ಉಳಿದಿದೆ. ಉಂಡು ತಗೋಬೇಕು, ನಿಮ್ಮ ಬೀಗರು ಕೂತಿಲ್ಲ. ನನ್ನ ಬುತ್ತಿ ಅಗೋ, ಅವರು ಉಂಡ್ರು." ಮೇಲೆ ಕೈ ತೋರಿಸಿದರು. ಎಲ್ಲರೂ ಮೇಲೆ ನೋಡಿದರು. ಮಂಗ ಡಬ್ಬಿಯ ತಳ ನೆಕ್ಕುತ್ತಿತ್ತು.

ಬೀಗರ ಕಡೆಯ ಒಬ್ಬರು ಒಂದು ಹೆಜ್ಜೆ ಹಿಂದೆ ಸರಿದರು. "ಹಂಗಾರೆ ಇವರು ಮಾಡಿದ್ದು ಉಣ್ಬಹುದಾ?"

"ಉಣ್ಣೋದರಿಂದ ಬರೋದಿಲ್ಲ ಸ್ವಾಮಿ. ಮುಟ್ಟೋದರಿಂದಲೂ ಇಲ್ಲ. ಸೊಳ್ಳೆ ಕಚ್ಚಿದರೆ ಮಾತ್ರ," ಅಂದ ಯೋಗರಾಜ್. "ಬೇರೆ ಪುರಾವೆ ಬೇಕಂದ್ರೆ ನನ್ನ ಹೊಟ್ಟೆ ನೋಡಿ. ಎರಡು ವಾರದಿಂದ ಇವರದ್ದೇ ಊಟ."

ಶೇಷಮ್ಮ ಜನರನ್ನು ಊರುಗೋಲಿನಿಂದ ಸರಿಸಿಕೊಂಡು ಮುಂದೆ ಬಂದರು. ಯೋಗರಾಜನ ಅಂಗೈಯಲ್ಲಿದ್ದ ಮಾತ್ರೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇಷ್ಟೇ ಇಷ್ಟಾ? ನಮ್ಮ ಕಾಲದ ಕೊಯ್ನದ ಗುಳಿಗೆ ನೋಡಿದ್ರೆ ನೀವೆಲ್ಲ ಓಡಿ ಹೋಗ್ತಿದ್ರಿ. ಆಗ ಈ ಸೀಮೇಲಿ ಚಳಿಜ್ವರ ಬರದ ಮನೆ ಇರಲಿಲ್ಲ. ಶ್ಯಾನುಭೋಗ್ರು ಕೊಯ್ನ ಹಂಚ್ತಿದ್ರು. ವಿಷದ ಕಹಿ. ನಮ್ಮಣ್ಣ ಕಹಿ ಅಂತ ಹಿತ್ತಲಿಗೆ ಹೋಗಿ ಉಗುಳಿ ಬರ್ತಿದ್ದ. ನಾನು ಅಪ್ಪಯ್ಯನ ಹೆದರಿಕೆಗೆ ನುಂಗ್ತಿದ್ದೆ." ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದರು. "ಅವ ಆ ವರ್ಷವೇ ಹೋದ. ನಾನು ಮೊಮ್ಮಗಳ ಮದುವೇಲಿ ನಿಂತಿದೀನಿ."

ಅಜ್ಜಿ ಮಗನ ಕಡೆ ತಿರುಗಿದರು.

"ಮುಕುಂದ, ಚಪ್ಪರದಲ್ಲಿ ಒಂದು ಎಲೆ ಹಾಕ್ಸು. ಮೊದಲ ಹಂತಿಯ ಮೊದಲ ಎಲೆ. ಭಟ್ರು ಕೂರ್ಲಿ."

"ಅಮ್ಮ, ಬೀಗರು..."

"ಬೀಗರು ನಮ್ಮ ಮನೆಗೆ ಇನ್ನೂ ಬಹಳ ವರ್ಷ ಉಣ್ಣೋಕೆ ಬರೋರು. ಅಷ್ಟು ವರ್ಷಾನೂ ಭಟ್ರೇ ಅಡುಗೆ ಮಾಡ್ಬೇಕಲ್ಲ. ಇವತ್ತೊಂದಿನ ಕಾಯ್ಲಿ."

ಬೀಗರು ತಲೆಯಾಡಿಸಿದರು. ಆ ಊರುಗೋಲಿನ ಮುಂದೆ ಬೇರೆ ದಾರಿಯೂ ಇರಲಿಲ್ಲ.

ಭಟ್ಟರನ್ನು ಮಂಜಯ್ಯ, ಯೋಗರಾಜ್ ಸೇರಿ ಹೆಚ್ಚು ಕಡಿಮೆ ಎತ್ತಿಕೊಂಡೇ ಹೋಗಿ ಕೂರಿಸಿದರು. ಇಡೀ ಚಪ್ಪರದಲ್ಲಿ ಒಂದೇ ಎಲೆ. ಸುತ್ತ ಆರುನೂರು ಜನ ನಿಂತು ನೋಡುತ್ತಿದ್ದಾರೆ. ಒಬ್ಬನೇ ಉಣ್ಣುವುದನ್ನು ಅಷ್ಟು ಜನ ಹಸಿದು ನಿಂತು ನೋಡಿದ್ದು ತೀರ್ಥಹಳ್ಳಿ ಸೀಮೆಯಲ್ಲಿ ಅದೇ ಮೊದಲಿರಬೇಕು. ಶೇಷಮ್ಮ ನಡುಗುವ ಕೈಯಲ್ಲಿ ತಾವೇ ಅನ್ನ ಬಡಿಸಿದರು. ಅವರ ಕೈ ನಡುಗಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಮಂಜಯ್ಯ ಸಾರು ಬಿಟ್ಟ. ಹೊಗೆಯಾಡುವ ಸಾರು.

ಭಟ್ಟರು ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಕೈ ಅಲ್ಲೇ ನಿಂತಿತು.

"ಎಂತಾತು ಭಟ್ರೇ?" ಮಂಜಯ್ಯನಿಗೆ ಗಾಬರಿ.

ಭಟ್ಟರು ಎರಡನೆಯ ತುತ್ತು ಉಂಡರು, ಮೂರನೆಯದು. ಮುಖದ ಮೇಲೆ ನಿಧಾನವಾಗಿ ಒಂದು ಆಶ್ಚರ್ಯ ಹರಡಿತು. ಮೂವತ್ತು ವರ್ಷ ಊರೆಲ್ಲ ಹೊಗಳಿದಾಗ ಅವರು ಅದನ್ನು ಬರೀ ಮರ್ಯಾದೆಯ ಮಾತು ಅಂದುಕೊಂಡಿದ್ದರು.

"ಅಲ್ದಾ ಮಂಜಯ್ಯ," ಅಂದರು ಮೆಲ್ಲಗೆ, ಎಡಗೈಯಲ್ಲಿ ತಮ್ಮ ಎದೆ ಮುಟ್ಟಿಕೊಂಡು, "ಆನು ಚೊಲೊ ಸಾರು ಮಾಡ್ತಿ."

ಚಪ್ಪರ ನಕ್ಕಿತು. ನಗು ಇಳಿಯುವಷ್ಟರಲ್ಲಿ ಭಟ್ಟರು ಹುಳಿಯ ತುತ್ತು ಬಾಯಿಗಿಟ್ಟು ಹುಬ್ಬು ಗಂಟು ಹಾಕಿದರು. "ಹುಳಿಗೆ ಮಾತ್ರ ಒಂದು ಹಿಡಿ ಉಪ್ಪು ಬೇಕು. ಓಡು." ಮಂಜಯ್ಯ ಓಡಿದ. ಮಾವನ ಮಾತು ಮೂವತ್ತು ವರ್ಷದಲ್ಲಿ ಮೊದಲ ಸಲ ಸುಳ್ಳಾಯಿತು. ಹೊಟ್ಟೆಗೆ ಬಿದ್ದ ಮೇಲೆಯೇ ಉಪ್ಪು ಗೊತ್ತಾಗಿತ್ತು.

ಮಜ್ಜಿಗೆ ಅನ್ನ ಮುಗಿಸಿ, ಯೋಗರಾಜನ ಕೈಯಿಂದ ಮಾತ್ರೆ ತೆಗೆದು ಭಟ್ಟರು ನುಂಗಿದರು. ರೂಢಿಯಂತೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ಮುಂದಿನ ಸಾಲಿನಲ್ಲಿ ನಿಂತವರೆಲ್ಲ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು. ಏನಾಗುತ್ತಿದೆ ಅಂತ ಸರಿಯಾಗಿ ಗೊತ್ತಾಗದ ವಾಲಗದವರು, ಇಷ್ಟು ಜನ ಬಗ್ಗಿದರು ಅಂದರೆ ಮುಹೂರ್ತದ್ದೇ ಏನೋ ಇರಬೇಕು ಎಂದು ಗಟ್ಟಿಮೇಳ ಬಾರಿಸಿಬಿಟ್ಟರು. ಧನ್ಯಶ್ರೀ ಗಂಡನ ಕಡೆ ನೋಡಿ, "ನಮ್ಮ ಧಾರೆಗೆ ಇಷ್ಟು ಜೋರಾಗಿ ಬಾರಿಸಲಿಲ್ಲ," ಅಂದಳು.

ಹದಿನಾಲ್ಕನೆಯ ಮಾತ್ರೆ ಮರುದಿನ ಮನೆಯಲ್ಲಿ, ವನಮಾಲಾ ಮಾಡಿದ ಊಟದ ಮೇಲೆ ಇಳಿಯಿತು. ಆಮೇಲೆ ಯೋಗರಾಜ್ ತಿಂಗಳಿಗೊಮ್ಮೆ ಬಂದು ಬೆರಳು ಚುಚ್ಚಿದ. ಪ್ರತಿ ಸಲವೂ 'ಇಲ್ಲ' ಅಂತ ಬರೆಯುವಾಗ ಮೊದಲಿನ ಹಾಗೆ ಬೇಸರಪಡಲಿಲ್ಲ. ಫಾಲ್ಗುಣ ಕಳೆಯಿತು, ವೈಶಾಖ ಕಳೆಯಿತು, ಮಳೆ ಹಿಡಿದು ಬಿಟ್ಟಿತು. ಮುಸುಕು ಹಾಕಿ ಮಲಗಿದ್ದವರು ಯಾರೂ ಏಳಲಿಲ್ಲ.

ಸಾಗರದ ಆ ಎರಡು ಮನೆಯವರೂ ಮತ್ತೆ ಫೋನ್ ಮಾಡಿದರು, ಈ ಸಲ ದೊಡ್ಡದಾಗಿಯೇ ಮಾಡುತ್ತೇವೆ ಅಂತ. ಭಟ್ಟರು ಒಪ್ಪಿದರು, ಒಂದು ಶರತ್ತಿನ ಮೇಲೆ: ನೈವೇದ್ಯ ಆದ ಮೇಲೆ ಮೊದಲ ಎಲೆ ಅಡುಗೆಯವರದ್ದು. ಜ್ವರವಿಲ್ಲದಿದ್ದರೂ. ಭಟ್ಟರ ಪಕ್ಕದ ಎಲೆಗೆ ಮಂಜಯ್ಯ ಹಕ್ಕು ಸಾಧಿಸಿದ. ಅರ್ಧಕ್ಕಿಂತ ಹೆಚ್ಚು ಮಾತ್ರೆ ತಿಂದವನು ತಾನು ಅನ್ನುವುದು ಅವನ ವಾದ. ಘಟ್ಟದ ಕೆಳಗೆ ಹೋಗುವಾಗ ಈಗ ಕೊಪ್ಪರಿಗೆಯೊಳಗೆ ಮೊದಲು ಬೀಳುವುದು ಮಡಚಿದ ಸೊಳ್ಳೆ ಪರದೆಗಳು.

ಈಗ ಭಟ್ಟರಿಗೆ ಸಣ್ಣ ಹೊಟ್ಟೆ ಬಂದಿದೆ. ಹೊಸಬರು ನೋಡಿದ ಕೂಡಲೆ ಅಡುಗೆ ಚೆನ್ನಾಗಿರಬೇಕು ಅಂದುಕೊಳ್ಳುತ್ತಾರೆ. ಇದರಿಂದ ಕಷ್ಟಕ್ಕೆ ಬಿದ್ದವರು ಒಬ್ಬರೇ. ಮೊನ್ನೆ ಮನೆಯಲ್ಲಿ ಊಟಕ್ಕೆ ಕೂತ ಭಟ್ಟರು ತಂಬುಳಿ ಬಾಯಿಗಿಟ್ಟು, ಹುಬ್ಬು ಗಂಟು ಹಾಕಿ, "ಉಪ್ಪು ಒಂದು ಕಲ್ಲು ಕಮ್ಮಿ ಇದ್ದು," ಅಂದರು.

ವನಮಾಲಾ ಉಪ್ಪಿನ ಭರಣಿಯನ್ನು ಅವರ ಎಲೆಯ ಪಕ್ಕಕ್ಕೆ ಠಪ್ಪನೆ ಇಟ್ಟರು. "ಮೂವತ್ತು ವರ್ಷ ಎಂತ ಹಾಕಿದ್ರೂ ಸುಮ್ಮನೆ ಉಂಡಿದ್ದಿ. ಆ ಡಾಕ್ಟ್ರಮ್ಮಂಗೆ ಹೇಳಿ, ನಾಲಿಗೆ ಮಲಗ್ಸೋ ಮಾತ್ರೆ ಒಂದು ಇದ್ರೆ ಕೊಡ್ಲಿ. ಹದಿನಾಲ್ಕು ದಿನ ಆನೇ ನಿಂತು ನುಂಗಿಸ್ತಿ."

ಭಟ್ಟರು ಉಪ್ಪು ಹಾಕಿಕೊಂಡು ಎರಡನೆಯ ಸಲ ಬಡಿಸಿಕೊಂಡರು. ತಂಬುಳಿ ಚೊಲೊ ಇತ್ತು.